ಏಳನೇ ವಲಯದಲ್ಲಿ ಸಕ್ಕರೆ ಇಳಿದ ಬಗೆ

ಮಂಗಳವಾರ ಬೆಳಿಗ್ಗೆ ಆರೂಮುಕ್ಕಾಲಿಗೆ ಮಾವ ತಮಗೆ ಸಕ್ಕರೆ ಕಾಯಿಲೆ ಇಲ್ಲವೆಂದು ಘೋಷಿಸಿದರು.

ಘೋಷಣೆ ಅಡುಗೆಮನೆಯ ಬಾಗಿಲಲ್ಲಿ ನಡೆಯಿತು. ಕೇಳಿಸಿಕೊಂಡವರು ಇಬ್ಬರು: ಒಲೆಯ ಮುಂದಿದ್ದ ಅತ್ತೆ, ಚೀಲಕ್ಕೆ ಊಟದ ಡಬ್ಬಿ ತುರುಕುತ್ತಿದ್ದ ಸೊಸೆ. ಹನ್ನೊಂದು ವರ್ಷದಿಂದ ದಿನಕ್ಕೆರಡು ಮಾತ್ರೆ ನುಂಗುತ್ತಿದ್ದ ಮನುಷ್ಯ ಮಾತ್ರೆ ಡಬ್ಬಿಯನ್ನು ಕಪಾಟಿನ ಮೇಲಿನ ಹಲಗೆಗೆ ಏರಿಸಿ, ಸಕ್ಕರೆ ಡಬ್ಬಿಯನ್ನು ಕೆಳಗಿಳಿಸಿ, ಚಹಾಕ್ಕೆ ಎರಡು ಚಮಚ ಹಾಕಿ ಕಲಕಿದರು. ಚಮಚ ಲೋಟಕ್ಕೆ ಬಡಿಯುವ ಸದ್ದು ಬೇಕೆಂದೇ ಸ್ವಲ್ಪ ಜೋರಾಗಿತ್ತು.

ಆಧಾರ, ಹಿಂದಿನ ದಿನ ಅಂಚೆಯಲ್ಲಿ ಬಂದ ಪತ್ರ. ರಾಷ್ಟ್ರೀಯ ಆರೋಗ್ಯ ಸಮೀಕ್ಷೆ, ನಾಲ್ಕನೇ ಸುತ್ತು. ಖಾಲಿ ಹೊಟ್ಟೆಯ ರಕ್ತದ ಸಕ್ಕರೆ 98, ಸಾಮಾನ್ಯ ಎಂದು ಅದರಲ್ಲಿತ್ತು. ಕೆಳಗೊಂದು ಸಹಿ, ಸಹಿಯ ಮೂರನೇ ಒಂದು ಭಾಗವನ್ನು ಮುಚ್ಚಿದ ದುಂಡು ಮೊಹರು.

ಮೊಹರಿನ ವಿಷಯದಲ್ಲಿ ಮಾವ ಸಾಮಾನ್ಯ ಆಸಾಮಿಯಲ್ಲ. ನೋಂದಣಿ ಕಚೇರಿಯಲ್ಲಿ ಮೂವತ್ತೆಂಟು ವರ್ಷ ಮೊಹರು ಒತ್ತಿ ನಿವೃತ್ತರಾದವರು. ಅವರ ಪ್ರಕಾರ ಲೋಕದಲ್ಲಿ ಇರುವುದು ಎರಡೇ ಬಗೆಯ ಮಾತು: ಮೊಹರಿದ್ದದ್ದು, ಮೊಹರಿಲ್ಲದ್ದು. ಅತ್ತೆಯ ಮಾತು ಮದುವೆಯಾದಾಗಿನಿಂದಲೂ ಎರಡನೆಯ ಬಗೆಗೆ ಸೇರಿತ್ತು.

ಸೊಸೆಗೆ ಇದರಲ್ಲಿ ಎರಡು ತಲೆನೋವು. ಒಂದು, ಮಾವನ ಎಡಗಾಲಿನ ಹೆಬ್ಬೆರಳು. ಹೊಸ ಚಪ್ಪಲಿ ಕಚ್ಚಿ ಎದ್ದ ಬೊಬ್ಬೆ ಒಡೆದು ಹನ್ನೆರಡು ದಿನವಾಗಿತ್ತು, ಇನ್ನೂ ಒಣಗಿರಲಿಲ್ಲ. ಮಾತ್ರೆ ನಿಂತರೆ ಅಂಥ ಬೆರಳು ಎಲ್ಲಿಗೆ ಹೋಗುತ್ತದೆ ಎಂಬುದರ ಅಂಕಿ ಅವಳಿಗೆ ಬಾಯಿಪಾಠ. ಇನ್ನೊಂದು, ಆ ಅಂಕಿಯೂ ಈ ಪತ್ರವೂ ಹೊರಟದ್ದು ಅವಳದೇ ಕಚೇರಿಯಿಂದ. ಸಮೀಕ್ಷೆಯ ಕೋಷ್ಟಕಗಳನ್ನು ತಯಾರಿಸುವವಳು ಅವಳೇ. ಹಿಂದೊಮ್ಮೆ 9.6 ಇರಬೇಕಾದಲ್ಲಿ 9.5 ಬಂದಿತೆಂದು ಇನ್ನೂರ ನಲವತ್ತು ಪುಟದ ವರದಿಯನ್ನು ಮರುಮುದ್ರಣ ಮಾಡಿಸಿದ್ದಳು. ಅಂದಿನಿಂದ ಕಚೇರಿಯಲ್ಲಿ ಅವಳ ಹೆಸರು ದಶಮಾಂಶ.

ನಾಲ್ಕು ತಿಂಗಳ ಹಿಂದೆ ಸಮೀಕ್ಷೆಯ ವ್ಯಾನು ಅವರ ಬೀದಿಗೆ ಬಂದಿತ್ತು. ಮನೆಗಳ ಆಯ್ಕೆ ಚೀಟಿ ಎತ್ತಿದಂತೆ. ಸಿಬ್ಬಂದಿಯ ಮನೆಯೆಂದು ರಿಯಾಯಿತಿಯಿಲ್ಲ. ತನ್ನ ನೆರಳು ಬೀಳಬಾರದೆಂದು ಸೊಸೆ ಅಂದು ಆರಕ್ಕೇ ಮನೆ ಬಿಟ್ಟಿದ್ದಳು. ಅದೇ ತಪ್ಪಾಗಿತ್ತು ಎಂದು ಈಗ ಗೊತ್ತಾಯಿತು.

"ಕಾಯಿಲೆ ಇದೆಯಾ ಅಂತ ಅವತ್ತು ಕೇಳಿದಾಗ ಏನು ಹೇಳಿದ್ರಿ ಮಾವ?"

"ಇಲ್ಲ ಅಂದೆ. ನಿನ್ನ ಆಫೀಸಿನ ಲೆಕ್ಕದಲ್ಲಿ ಒಂದು ಕಡಿಮೆ ಆಗ್ಲಿ ಅಂತ. ಮನೆಯವರಾಗಿ ಅಷ್ಟೂ ಮಾಡದಿದ್ರೆ ಹೇಗಮ್ಮ?"

ಅತ್ತೆ ಒಲೆಯತ್ತ ಮುಖ ಮಾಡಿಯೇ, ನಲವತ್ತಾರು ವರ್ಷ ಸಂಸಾರ ಮಾಡಿದವಳಿಗೆ ಈ ಮನುಷ್ಯ ಇಷ್ಟು ದೊಡ್ಡ ಉಪಕಾರ ಮಾಡಿದ್ದು ನೆನಪಿಲ್ಲ ಅಂದರು. ಆಮೇಲೆ ಗೋಡೆಯ ಕ್ಯಾಲೆಂಡರನ್ನು ಕೆಳಗಿಳಿಸಿ ನಾಲ್ಕು ಹಾಳೆ ಹಿಂದಕ್ಕೆ ಮಗುಚಿದರು. ಬೆಳಿಗ್ಗೆ ಎದ್ದ ಕೂಡಲೇ ಗಂಡನ ಬೆರಳು ಚುಚ್ಚಿ, ಅಂಗೈಯಗಲದ ಮೀಟರು ತೋರಿಸಿದ ಅಂಕಿಯನ್ನು ಹಾಲಿನ ಲೆಕ್ಕದ ಪಕ್ಕದಲ್ಲಿ ಬರೆದಿಡುವುದು ಅವರ ಪದ್ಧತಿ. ವ್ಯಾನು ಬಂದ ದಿನದ ಚೌಕದಲ್ಲಿ ಇದ್ದದ್ದು: ಹಾಲು ಒಂದು ಲೀಟರ್, ಸಕ್ಕರೆ 142.

ಮೀಟರು ಆಟದ ಸಾಮಾನು ಅಂದರು ಮಾವ. ಅದಕ್ಕೆ ಮೊಹರು ಎಲ್ಲಿದೆ?

ಸೊಸೆ ಊಟದ ಚೀಲ ಹೆಗಲಿಗೇರಿಸಿದಳು. ಮನೆಯ ಮೀಟರು ಹತ್ತು ಹದಿನೈದು ಆಚೀಚೆ ಆಗುವುದುಂಟು. ನಲವತ್ತನಾಲ್ಕು ಆಗುವುದಿಲ್ಲ. ಅದನ್ನೇ ಯೋಚಿಸುತ್ತ ಅವಳು ಬಸ್ಸು ಹತ್ತಿದಳು.

ಕಚೇರಿಯಲ್ಲಿ ಆ ವಾರ ಎಲ್ಲರೂ ಖುಷಿಯಲ್ಲಿದ್ದರು. ದೇಶದಲ್ಲಿ ಸಕ್ಕರೆ ಕಾಯಿಲೆ ಅಳೆಯಲು ಶುರುಮಾಡಿ ಹತ್ತೊಂಬತ್ತು ವರ್ಷವಾಗಿತ್ತು. ಮೊದಲ ಸುತ್ತಿನಲ್ಲಿ ಬರೀ ಬಾಯಿಮಾತಲ್ಲಿ ಕೇಳಿದ್ದರು, ನೂರಕ್ಕೆ 4.3 ಬಂತು. ಎರಡನೆಯದರಲ್ಲಿ ಬೆರಳು ಚುಚ್ಚಿದರು, 9.6. ಮೂರನೆಯದರಲ್ಲಿ ತೋಳಿಗೆ ಸೂಜಿ ಹಾಕಿ ಕೊಳವೆಗಟ್ಟಲೆ ರಕ್ತ ತೆಗೆದರು, 13.1. ಕಾಯಿಲೆ ಹೆಚ್ಚಿತೋ, ಹುಡುಕುವವರು ಚುರುಕಾದರೋ ಎಂದು ಬೇರ್ಪಡಿಸುವುದರಲ್ಲೇ ಸೊಸೆಯ ಕೂದಲು ಬೆಳ್ಳಗಾಗಿತ್ತು. ಅಳತೆಗೋಲು ಪ್ರತಿ ಸಲವೂ ಬದಲು, ಶೀರ್ಷಿಕೆ ಮಾತ್ರ ಪ್ರತಿ ಸಲವೂ 'ಆತಂಕಕಾರಿ ಏರಿಕೆ'. ಈ ಸಲ ಮೊದಲ ಬಾರಿಗೆ ಇಳಿದಿತ್ತು: 12.9. ಇಳಿದದ್ದು 0.2. ಸೋಮವಾರ ಹನ್ನೊಂದಕ್ಕೆ ಪತ್ರಿಕಾಗೋಷ್ಠಿ ನಿಗದಿಯಾಗಿತ್ತು.

ಆರೋಗ್ಯಕ್ಕೆಂದು ನಿರ್ದೇಶಕರು ಬೆಳಗಿನ ತಿಂಡಿ ಬಿಟ್ಟು ಎರಡು ವರ್ಷವಾಗಿತ್ತು. ಬಿಟ್ಟದ್ದನ್ನು ದಿನಕ್ಕೊಮ್ಮೆ ಯಾರಿಗಾದರೂ ಹೇಳದೆ ಬಿಟ್ಟಿರಲಿಲ್ಲ. ಹಾಗಾಗಿ ಬೆನ್ನ ಹಿಂದೆ ಅವರು ಉಪವಾಸ ಸಾಹೇಬರು. 12.9 ಎಂಬ ಅಂಕಿಯನ್ನು ತಾವೇ ಹೆತ್ತವರಂತೆ ಅವರು ಎತ್ತಿಕೊಂಡು ತಿರುಗುತ್ತಿದ್ದರು.

ಸೊಸೆ ಆ ಅಂಕಿಯನ್ನು ಎಂಟು ವಲಯಗಳಾಗಿ ಬಿಡಿಸಿದಳು. ಏಳು ವಲಯಗಳಲ್ಲಿ ಏರಿಕೆ. ಅವಳ ಮನೆಯಿದ್ದ ಏಳನೇ ವಲಯದಲ್ಲಿ ಮಾತ್ರ ಕಳೆದ ಸಲದ 11.8 ಈ ಸಲ 6.2ಕ್ಕೆ ಕುಸಿದಿತ್ತು. ಅದೊಂದನ್ನು ಪಕ್ಕಕ್ಕಿಟ್ಟರೆ ದೇಶದ ಅಂಕಿ 13.9. ದೇಶಕ್ಕೆ ದೇಶವೇ ಸುಧಾರಿಸಿದ್ದು ಒಂದು ವಲಯದ ಪುಣ್ಯದಿಂದ.

ಇನ್ನೂ ಒಂದಿತ್ತು. ಬೇರೆ ಕಡೆ, ಕಾಯಿಲೆ ಇದೆಯೆಂದು ತಾವೇ ಹೇಳಿದವರು ಹತ್ತು ಮಂದಿ ಇದ್ದಲ್ಲಿ, ರಕ್ತ ನೋಡಿದ ಮೇಲೆ ಹೊಸದಾಗಿ ಸಿಕ್ಕವರು ಎಂಟು ಮಂದಿ. ಏಳನೇ ವಲಯದಲ್ಲಿ ಹತ್ತಕ್ಕೆ ಇಬ್ಬರು. ಕಾಯಿಲೆ ಇದ್ದವರು ತಾವಾಗಿಯೇ ಹೇಳುತ್ತಿದ್ದರು, ರಕ್ತ ಹೊಸಬರನ್ನು ತೋರಿಸುತ್ತಲೇ ಇರಲಿಲ್ಲ. ಸಾಹೇಬರು ಇದನ್ನು ಜಾಗೃತಿ ಕಾರ್ಯಕ್ರಮದ ಫಲವೆಂದು ಆಗಲೇ ಭಾಷಣದಲ್ಲಿ ಬರೆದುಕೊಂಡಿದ್ದರು.

ಬುಧವಾರ ಅವಳು ಕಡತಕೋಣೆಯಿಂದ ಏಳನೇ ವಲಯದ ಕೊಳವೆ ಹಾಳೆಗಳನ್ನು ತರಿಸಿದಳು. ರಕ್ತ ತೆಗೆದ ಹೊತ್ತು ಒಂದು ಕಾಲಮ್ಮು, ಅದನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದ ಹೊತ್ತು ಇನ್ನೊಂದು. ವ್ಯಾನಿನವರ ಬಾಯಲ್ಲಿ ಆ ಯಂತ್ರದ ಹೆಸರು ಗಿರಗಿಟ್ಲೆ. ಕೊಳವೆಗೆ ಬಂದ ಮಾತ್ರಕ್ಕೆ ರಕ್ತಕಣಗಳು ಸಾಯುವುದಿಲ್ಲ. ಬದುಕಿರುವಷ್ಟು ಹೊತ್ತು ತಿನ್ನುತ್ತವೆ, ತಿನ್ನಲು ಅಲ್ಲಿರುವುದು ಸಕ್ಕರೆಯೇ. ಗಂಟೆಗೆ ನೂರಕ್ಕೆ ಸುಮಾರು ಆರರಂತೆ ಅದು ಕರಗುತ್ತದೆ. ಅದಕ್ಕೇ ಅರ್ಧ ಗಂಟೆ ಹೆಪ್ಪುಗಟ್ಟಲು ಬಿಟ್ಟು, ತಕ್ಷಣ ಗಿರಗಿಟ್ಲೆಗೆ ಹಾಕಿ, ಕಣಗಳನ್ನು ತಳಕ್ಕೆ ಕೂರಿಸಬೇಕೆಂಬ ನಿಯಮ. ಸಕ್ಕರೆ ಕರಗದಂತೆ ಔಷಧಿ ಹಾಕಿದ ಬೂದು ಮುಚ್ಚಳದ ಕೊಳವೆ ಬೇರೆಯೇ ಇದೆ. ಒಂದೇ ಕೊಳವೆಯಲ್ಲಿ ಎಲ್ಲ ಪರೀಕ್ಷೆ ಮುಗಿಯಲಿ ಎಂದು ಸಮಿತಿ ಈ ಸಲ ಅದನ್ನು ಕೈಬಿಟ್ಟಿತ್ತು.

ಹಾಳೆಗಳಲ್ಲಿ ಎಲ್ಲವೂ ನಿಯಮದಂತೇ ಇತ್ತು. ತೆಗೆದದ್ದು 6:32, ತಿರುಗಿಸಿದ್ದು 7:07. ತೆಗೆದದ್ದು 6:51, ತಿರುಗಿಸಿದ್ದು 7:26. ಐವತ್ತೇಳು ದಿನ, 1,146 ಕೊಳವೆ, ಪ್ರತಿಯೊಂದಕ್ಕೂ ಸರಿಯಾಗಿ ಮೂವತ್ತೈದು ನಿಮಿಷ.

ಹೆಸರು, ಮನೆ ನಂಬರು ಯಾವುದೂ ಇಲ್ಲದ, ಬರೀ ಕೊಳವೆ ನಂಬರಿದ್ದ ಒಂದು ಹಾಳೆಯ ನಕಲನ್ನು ಅವಳು ಮನೆಗೆ ತಂದಳು. ಸಾಯಂಕಾಲದ ಬೆಳಕಿನಲ್ಲಿ ಮಾವ ಜಗಲಿಯ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದರು. ಬೆರಳಿನ ಮೇಲೆ ಹತ್ತಿ. ಅಂದು ಬೆಳಿಗ್ಗೆ ಮೀಟರು 168 ತೋರಿಸಿತ್ತು. ಇದನ್ನು ನೋಡಿ ಏನನ್ನಿಸುತ್ತೆ ಹೇಳಿ ಎಂದು ಹಾಳೆ ಕೊಟ್ಟಳು. ಯಾವುದರದೆಂದು ಹೇಳಲಿಲ್ಲ.

ಮಾವ ಕನ್ನಡಕ ಏರಿಸಿದರು. ಹಾಳೆಯನ್ನು ಓರೆಯಾಗಿ ಬೆಳಕಿಗೆ ಹಿಡಿದರು. ಮೇಲಿನಿಂದ ಕೆಳಗೆ ಬೆರಳಾಡಿಸಿದರು. ಅರ್ಧ ನಿಮಿಷವೂ ಹಿಡಿಯಲಿಲ್ಲ.

"ಮೊದಲನೇ ಕಾಲಮ್ಮು ನಿಜ. ಅಕ್ಷರ ಒಂದೊಂದು ಕಡೆ ಒಂದೊಂದು ಥರ ಇದೆ, ನಿಂತು ಬರೆದದ್ದು, ಆತುರದಲ್ಲಿ ಬರೆದದ್ದು. ಎರಡನೇದು ಆರಾಮಾಗಿ ಕೂತು ಒಂದೇ ಉಸಿರಿಗೆ ಬರೆದದ್ದು. ಯಾರಮ್ಮ ಇವನು? ನಮ್ಮಲ್ಲಾಗಿದ್ರೆ ಎರಡು ವರ್ಷ ಸಸ್ಪೆಂಡು."

ಈ ಯಂತ್ರದಲ್ಲಿ ಒಂದು ಸಲಕ್ಕೆ ಎಂಟು ಕೊಳವೆ ಹಿಡಿಯುತ್ತೆ ಎಂದು ಸೊಸೆ ಹೇಳಿದಳು. ಹಾಗಿದ್ದರೆ ಎಂಟೆಂಟಕ್ಕೂ ಒಂದೇ ಹೊತ್ತು ಇರಬೇಕಿತ್ತಲ್ಲ, ಮುಠ್ಠಾಳ ಅಷ್ಟೂ ಯೋಚಿಸಿಲ್ಲ ಎಂದರು ಮಾವ. ಬೇರೆ ಏಳು ವಲಯಗಳ ಹಾಳೆಗಳಲ್ಲಿ ಹಾಗೆಯೇ ಇತ್ತು. ಹತ್ತೊಂಬತ್ತು ವರ್ಷದ ಅನುಭವದಲ್ಲಿ ಅವಳು ಇಡೀ ಮಧ್ಯಾಹ್ನ ಕೂತು ಕಂಡದ್ದನ್ನು ಮಾವ ಚಹಾ ಆರುವುದರೊಳಗೆ ಕಂಡಿದ್ದರು. ಆಗ ಅವಳು ಹೇಳಿದಳು: ಮೇಲಿನಿಂದ ಮೂರನೇ ಸಾಲಿನ ಕೊಳವೆ ನಂಬರು ನಿಮ್ಮ ಪತ್ರದಲ್ಲಿರುವುದೇ, ಅದು ನಿಮ್ಮದೇ ರಕ್ತ. ನಿಮ್ಮ 98 ಹುಟ್ಟಿದ್ದು ಇಲ್ಲೇ. ಆ ಪತ್ರ ನಂಬಬೇಡಿ, ಮಾತ್ರೆ ತಗೊಳ್ಳಿ.

ಮಾವ ಹಾಳೆಯನ್ನು ಮಡಚಿ ವಾಪಸು ಕೊಟ್ಟರು.

"ಸುಳ್ಳು ದಾಖಲೆ ಅನ್ನೋದು ನಿಜವೇ. ಆದ್ರೆ ರದ್ದಾಗೋ ತನಕ ಅದು ದಾಖಲೆನೇ. ಕೊಟ್ಟ ಕಚೇರಿನೇ ಅದನ್ನ ವಾಪಸ್ ತಗೋಬೇಕು, ಬರವಣಿಗೆಯಲ್ಲಿ. ನೀನು ಹೇಳಿದೆ ಅಂತ ನಾನು ರದ್ದು ಮಾಡೋಕಾಗುತ್ತಾ?"

ಅತ್ತೆ ಒಳಗಿನಿಂದ, ಬೆರಳು ಕತ್ತರಿಸಿದ ಮೇಲೆ ಅದಕ್ಕೂ ಒಂದು ಮೊಹರು ಒತ್ತಿಸಿಕೊಂಡು ಬನ್ನಿ ಎಂದರು. ಮಾವ ಹೆಂಡತಿಯ ಆ ಅರ್ಜಿಯನ್ನು ಪರಿಗಣಿಸಲಿಲ್ಲ. ಮಗ ಸರಕು ಹಡಗಿನ ಎಂಜಿನ್ ಕೋಣೆಯಿಂದ ಫೋನು ಮಾಡಿ ಗದರಿಸಿದ. ಸದ್ದಿನಲ್ಲಿ ಏನೂ ಕೇಳಿಸಲಿಲ್ಲ ಎಂದು ಫೋನಿಟ್ಟರು. ಎದುರು ಬೀದಿಯ ವೈದ್ಯರು ಮನೆಗೇ ಬಂದು ಮಾತ್ರೆ ಶುರುಮಾಡಿ ಎಂದರು. ಸರ್ಕಾರದ ಪತ್ರ ತಪ್ಪೆಂದು ಬರೆದುಕೊಡುತ್ತೀರಾ ಎಂದು ಮಾವ ಕಾಗದ, ಪೆನ್ನು ಮುಂದಿಟ್ಟರು. ವೈದ್ಯರಿಗೆ ಇನ್ನೊಬ್ಬ ರೋಗಿ ನೆನಪಾಯಿತು.

ಗುರುವಾರ ಮೀಟರು 203.

ಏಳನೇ ವಲಯದಲ್ಲಿ ರಕ್ತ ತೆಗೆದವಳನ್ನು ಎಲ್ಲರೂ ಸೂಜಿಯಕ್ಕ ಅನ್ನುತ್ತಿದ್ದರು. ಗುರುವಾರ ಮಧ್ಯಾಹ್ನ ಅವಳು ಸೊಸೆಯ ಮೇಜಿನೆದುರು ಕೂತು, ಎರಡನೇ ಕಾಲಮ್ಮನ್ನು ನೋಡಿದ ಕೂಡಲೇ, ತಾನೇ ಬರೆದದ್ದು ಎಂದಳು. ಸುತ್ತಿ ಬಳಸಲಿಲ್ಲ. ವ್ಯಾನಿನಲ್ಲಿ ಕರೆಂಟಿನ ಪ್ಲಗ್ಗು ಇದ್ದದ್ದು ಒಂದು. ಅದರಲ್ಲಿ ಗಿರಗಿಟ್ಲೆ ಹಾಕಬೇಕು, ಇಲ್ಲವೇ ನೀರು ಕಾಯಿಸುವ ಕೆಟಲ್ ಹಾಕಬೇಕು. ಎರಡನ್ನೂ ಸೇರಿಸಿ ಹಾಕಿದ ಮೊದಲನೇ ದಿನವೇ ಫ್ಯೂಸು ಹಾರಿ ಡ್ರೈವರಿನ ಹುಬ್ಬು ಸುಟ್ಟಿತ್ತು. ರಾತ್ರಿಯಿಂದ ಏನೂ ತಿನ್ನದೆ ಬೆಳಿಗ್ಗೆ ಆರೂವರೆಗೆ ಬಂದು ಸಾಲು ನಿಂತ ಜನಕ್ಕೆ, ರಕ್ತ ಕೊಟ್ಟ ಮೇಲೆ ಒಂದು ಲೋಟ ಬಿಸಿ ಚಹಾ ಕೊಡದಿದ್ದರೆ ಮರುದಿನ ಆ ಬೀದಿಯಲ್ಲಿ ಬಾಗಿಲು ತೆಗೆಯುವವರು ಇರುವುದಿಲ್ಲ. ಮೇಲಿನವರು ಪ್ರತಿ ಶನಿವಾರ ಫೋನು ಮಾಡಿ ಕೇಳುತ್ತಿದ್ದದ್ದು ಒಂದೇ: ಎಷ್ಟು ಜನ ಬಂದರು? ಎಷ್ಟು ಹೊತ್ತಿಗೆ ತಿರುಗಿಸಿದಿರಿ ಎಂದು ಒಬ್ಬರೂ ಕೇಳಿರಲಿಲ್ಲ. ಹಾಗಾಗಿ ಪ್ಲಗ್ಗು ಕೆಟಲ್‌ಗೆ ಹೋಯಿತು. ಕೊಳವೆಗಳು ಮಧ್ಯಾಹ್ನ ಹನ್ನೆರಡೂವರೆಗೆ ವ್ಯಾನು ವಲಯ ಕಚೇರಿಗೆ ಮರಳಿದ ಮೇಲೆ ತಿರುಗಿದವು.

"ನೂರಕ್ಕೆ ತೊಂಬತ್ನಾಲ್ಕು ಜನ ಬಂದ್ರು ಮೇಡಂ ನಮ್ಮಲ್ಲಿ. ದೇಶಕ್ಕೇ ಫಸ್ಟು. ಸಾಹೇಬ್ರು ಶೀಲ್ಡ್ ಕೊಟ್ಟಿದಾರೆ."

ಚಹಾಕ್ಕೆ ಸಕ್ಕರೆ ಹಾಕುತ್ತಿದ್ದರೋ ಎಂದು ಸೊಸೆ ಕೇಳಿದಳು. ಎರಡು ಚಮಚ, ಎಂದಳು ಸೂಜಿಯಕ್ಕ. ಕೇಳಿದವರಿಗೆ ಮೂರು.

ಸೊಸೆ ಲೆಕ್ಕ ಹಾಕಿದಳು. ಆರೂವರೆಯಿಂದ ಹನ್ನೆರಡೂವರೆ, ಆರು ಗಂಟೆ. 142 ಇದ್ದದ್ದು ಆರು ಗಂಟೆಯಲ್ಲಿ 98 ಆಗುತ್ತದೆ, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಕಾಯಿಲೆಯೆಂದು ಬರೆಯಲು ಬೇಕಾದದ್ದು 126. 180 ಇದ್ದವರೂ 124ಕ್ಕೆ ಇಳಿದು, ಸಾಮಾನ್ಯರಲ್ಲದಿದ್ದರೂ ಕಾಯಿಲೆಯವರೂ ಅಲ್ಲದೆ ಪಾರಾಗಿದ್ದರು. 1,146 ಮನೆಗಳಿಗೂ ಮೊಹರು ಹಾಕಿದ ಪತ್ರ ಹೋಗಿಯಾಗಿತ್ತು. ಅವುಗಳಲ್ಲಿ ಎಷ್ಟು ಮನೆಗಳಲ್ಲಿ ಮಾತ್ರೆ ಡಬ್ಬಿ ಮೇಲಿನ ಹಲಗೆ ಏರಿತ್ತು ಎನ್ನುವ ಅಂಕಿ ಯಾವ ಕೋಷ್ಟಕದಲ್ಲೂ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಸೊಸೆ ಮತ್ತು ಸೂಜಿಯಕ್ಕ ಸಾಹೇಬರ ಕೋಣೆಯಲ್ಲಿದ್ದರು. ಏಳನೇ ವಲಯದ ಅಂಕಿಯನ್ನು ಕೈಬಿಡಬೇಕು, ಎಲ್ಲ ಪತ್ರಗಳನ್ನು ರದ್ದು ಮಾಡಬೇಕು, ಇವೆರಡೇ ಕೋರಿಕೆ. ಸಾಹೇಬರು ಪೂರ್ತಿ ಕೇಳಿಸಿಕೊಂಡು, ಪುಸ್ತಕದಲ್ಲಿರುವುದು ಬೇರೆ, ನಮ್ಮ ಜನರ ರಕ್ತ ಬೇರೆ ಎಂದರು. ಕೊಳವೆಯೊಳಗೆ ಕೂತು ರಕ್ತ ಸಕ್ಕರೆ ತಿನ್ನುತ್ತದೆ ಎಂದರೆ ಪತ್ರಕರ್ತರು ನಗುತ್ತಾರೆ. ಬೇಕಿದ್ದರೆ ಮೂವತ್ತನೇ ಪುಟದಲ್ಲಿ ಒಂದು ಅಡಿಟಿಪ್ಪಣಿ ಹಾಕಿ. ಇಲ್ಲವೇ ಸಂಜೆಯೊಳಗೆ ಕಣ್ಣಿಗೆ ಕಾಣುವಂತೆ ತೋರಿಸಿ.

ತೋರಿಸಲು ಖಾಲಿ ಹೊಟ್ಟೆಯ ಒಬ್ಬ ಮನುಷ್ಯ ಬೇಕಿತ್ತು. ಆ ಹೊತ್ತಿಗೆ ಇಡೀ ಕಚೇರಿ ತಿಂಡಿ ತಿಂದು ಮುಗಿಸಿತ್ತು. ಸೊಸೆಯೂ, ಸೂಜಿಯಕ್ಕನೂ, ಬಾಗಿಲ ಹೊರಗಿನ ಜವಾನನೂ. ಎಲ್ಲರೂ ಸಾಹೇಬರನ್ನು ನೋಡಿದರು. ಎರಡು ವರ್ಷದಿಂದ ದಿನಾ ಹೇಳಿಕೊಂಡು ಬಂದದ್ದನ್ನು ಅವರು ಈಗ ಅಲ್ಲಗಳೆಯುವಂತಿರಲಿಲ್ಲ.

9:10ಕ್ಕೆ ಸೂಜಿಯಕ್ಕ ಅವರ ತೋಳಿನಿಂದ ಸಮೀಕ್ಷೆಯದೇ ಕೆಂಪು ಮುಚ್ಚಳದ ಎರಡು ಕೊಳವೆ ತುಂಬಿದಳು. ಒಂದು, ನೆಲಮಹಡಿಯ ಪ್ರಯೋಗಾಲಯದಲ್ಲಿ ಮೂವತ್ತೈದು ನಿಮಿಷಕ್ಕೆ ತಿರುಗಿತು. ಇನ್ನೊಂದು, ಸಾಹೇಬರ ಮೇಜಿನ ಪೆನ್ನಿನ ಸ್ಟ್ಯಾಂಡಿನಲ್ಲಿ, ಅವರ ಕಣ್ಣೆದುರೇ, ಮಧ್ಯಾಹ್ನ ಮೂರು ಹತ್ತರವರೆಗೆ ನಿಂತಿತು. ಸಾಹೇಬರು ನಡುನಡುವೆ ಅದನ್ನು ನೋಡುತ್ತಿದ್ದರಂತೆ, ಜವಾನ ಆಮೇಲೆ ಹೇಳಿದ. ನಾಲ್ಕಕ್ಕೆ ಎರಡೂ ಚೀಟಿಗಳು ಒಟ್ಟಿಗೆ ಬಂದವು. ಮೊದಲನೇ ಕೊಳವೆ 134. ಎರಡನೆಯದು 95.

126ರ ಗೆರೆ ಎಲ್ಲಿದೆ ಎಂಬುದು ಸಾಹೇಬರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಇದರಲ್ಲಿ ನಂದು ಯಾವುದು?"

"ಎರಡೂ ನಿಮ್ದೇ ಸರ್. ಮೊದಲನೇದು ನೀವು. ಎರಡನೇದು ಏಳನೇ ವಲಯ," ಎಂದಳು ಸೊಸೆ.

ಸಾಹೇಬರು ಎರಡನೇ ಚೀಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದರು. ಅದೇ ಸರಿ ಅನ್ನಿಸುತ್ತೆ ಎಂದರು ಕೊನೆಗೆ, ತಮ್ಮಷ್ಟಕ್ಕೆ ಎಂಬಂತೆ. ಹಾಗಿದ್ದರೆ 12.9 ಕೂಡ ಸರಿ, ಸೋಮವಾರ ಓದಬಹುದು ಎಂದಳು ಸೊಸೆ. ನೀವು ತಿಂಡಿಯನ್ನೂ ಶುರುಮಾಡಬಹುದು. ಒಂದೇ ಸಲ ನೋಡಿ ಕಾಯಿಲೆಯೆಂದು ಹೇಳುವಂತಿಲ್ಲ, ಎರಡು ಸಲ ನೋಡಬೇಕು ಎಂಬ ನಿಯಮವನ್ನು ಸೂಜಿಯಕ್ಕ ನೆನಪಿಸಿದಳು. ಸಾಹೇಬರ ಮುಖದಲ್ಲಿ ಗೆಲುವು ಮರಳಿತು. ಶನಿವಾರ ಬೆಳಿಗ್ಗೆ ಯಾರಿಗೂ ಹೇಳದೆ ಅವರೊಬ್ಬರೇ ಪ್ರಯೋಗಾಲಯಕ್ಕೆ ಬಂದು, ಕೊಳವೆ ಗಿರಗಿಟ್ಲೆಗೆ ಹೋಗುವ ತನಕ ಪಕ್ಕದಲ್ಲೇ ಗಡಿಯಾರ ಹಿಡಿದು ನಿಂತರು. 131 ಬಂತು.

ಅದೇ ಶನಿವಾರ ಹನ್ನೊಂದೂಕಾಲಿಗೆ ಪತ್ರಿಕಾಗೋಷ್ಠಿಯನ್ನು ತಾಂತ್ರಿಕ ಕಾರಣದಿಂದ ಮುಂದೂಡಲಾಯಿತು.

ರದ್ದತಿ ಪತ್ರದ ಮೂರು ಸಾಲುಗಳನ್ನು ಸೊಸೆಯೇ ಬರೆದಳು. ಈ ಹಿಂದೆ ಕಳಿಸಿದ ಫಲಿತಾಂಶವನ್ನು ರದ್ದುಪಡಿಸಲಾಗಿದೆ. ಅದನ್ನು ನಂಬಿ ಔಷಧಿ ನಿಲ್ಲಿಸಿದ್ದರೆ ಇಂದೇ ಮತ್ತೆ ಶುರುಮಾಡಿ. ಕೂಡಲೇ ವೈದ್ಯರನ್ನು ಕಾಣಿ. 1,146 ಪ್ರತಿ ಮುದ್ರಣವಾಗಿ ಸಹಿಯಾಗಲು ಬುಧವಾರದವರೆಗೆ ಹಿಡಿಯಿತು, ಮೊಹರಾಗಲು ಇನ್ನೂ ಐದು ದಿನ. ಮೊಹರು ಒತ್ತುವ ಗುಮಾಸ್ತನ ಪಕ್ಕದಲ್ಲಿ ಸೊಸೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ಸಹಿಯ ಮೂರನೇ ಒಂದು ಭಾಗದ ಮೇಲೆ ಬೀಳಬೇಕು, ಕಡಿಮೆಯಲ್ಲ, ಹೆಚ್ಚಲ್ಲ ಎಂದು ಅವನಿಗೆ ಹೇಳಿದಾಗ ಅವನು ಇಷ್ಟು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ ಎಂದ. ಮಾವನ ಪ್ರತಿಯನ್ನು ಮೊದಲೇ ಕೈಯಲ್ಲಿ ಒಯ್ದು ನೋಡಿದ್ದಳು. ಅಂಚೆಯಲ್ಲಿ ಬಂದದ್ದರ ರದ್ದತಿ ಅಂಚೆಯಲ್ಲೇ ಬರಬೇಕು ಎಂದು ಮಾವ ಲಕೋಟೆ ಒಡೆಯದೆ ವಾಪಸು ಕೊಟ್ಟಿದ್ದರು. ಆ ರಾತ್ರಿ ಅತ್ತೆ ಅವರಿಗೆ ಊಟವನ್ನೂ ಅಂಚೆಯಲ್ಲಿ ತರಿಸಿಕೊಳ್ಳಲು ಹೇಳಿದರು.

ಹದಿನೇಳನೇ ದಿನ, ಗುರುವಾರ ಬೆಳಿಗ್ಗೆ ಹತ್ತಕ್ಕೆ ಪತ್ರ ಬಂತು. ಅಂದು ಮೀಟರು 264. ಬೆರಳಿನ ತುದಿ ಕಪ್ಪಗಾಗಿ, ಪಾದ ಚಪ್ಪಲಿಗೆ ಹಿಡಿಯುತ್ತಿರಲಿಲ್ಲ. ಮಾವ ಪತ್ರವನ್ನು ಎರಡು ಸಲ ಓದಿದರು, ಮೊಹರನ್ನು ಕಿಟಕಿಗೆ ಹಿಡಿದು ನೋಡಿದರು, ಹಳೆಯ ಪತ್ರವನ್ನು ತೆಗೆದು ಅದರ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ದಿನಾಂಕ ಹಾಕಿದರು. ಆಮೇಲೆ ಸ್ಟೂಲು ಹತ್ತಲಾಗದೆ, ಮಾತ್ರೆ ಡಬ್ಬಿ ಇಳಿಸಿಕೊಡುವಂತೆ ಹೆಂಡತಿಯನ್ನು ಕೇಳಿದರು. ಅರ್ಜಿ ಬರೆದುಕೊಡಿ ಎನ್ನುತ್ತಲೇ ಅತ್ತೆ ಸ್ಟೂಲು ಹತ್ತಿದರು.

ಮಧ್ಯಾಹ್ನ ಆಸ್ಪತ್ರೆಗೆ ಸೇರಿಸಿದರು. ಬೆರಳಿನ ತುದಿಯನ್ನು ಉಗುರಿನ ಸಮೇತ ತೆಗೆದರು. ಉಳಿದದ್ದು ಮಾಯಲು ಹನ್ನೊಂದು ವಾರ ಬೇಕಾಯಿತು.

ವರದಿ ಎರಡು ತಿಂಗಳು ತಡವಾಗಿ ಹೊರಬಿತ್ತು. ದೇಶದ ಅಂಕಿ ಏಳು ವಲಯಗಳಿಗೆ ಸೇರಿ 13.9, ಶೀರ್ಷಿಕೆ ಎಂದಿನಂತೆ. ಏಳನೇ ವಲಯದ ಚೌಕದಲ್ಲಿ ಒಂದು ಅಡ್ಡಗೆರೆ. ಸೂಜಿಯಕ್ಕನ ಒಂದು ಬಡ್ತಿ ತಡೆಹಿಡಿದರು, ಶೀಲ್ಡ್ ವಾಪಸು ಕೇಳಲು ಎಲ್ಲರೂ ಮರೆತರು. ಸಾಹೇಬರು ಉಪವಾಸದ ಬಗ್ಗೆ ಮಾತಾಡುವುದನ್ನು ನಿಲ್ಲಿಸಿದರು.

ಏಳನೇ ವಲಯವನ್ನು ಮತ್ತೆ ಅಳೆಯಲು ವ್ಯಾನು ಹೊರಟಾಗ ಅದರಲ್ಲಿ ಎರಡು ಪ್ಲಗ್ಗುಗಳಿದ್ದವು. ಅದೇ ಮನೆಗಳು, ಅದೇ ಜನ. ಮಾವ ಆರೂಕಾಲಿಗೇ ಸಾಲಿನಲ್ಲಿ ಎರಡನೆಯವರಾಗಿ ನಿಂತಿದ್ದರು. ಕಾಯಿಲೆ ಇದೆಯೆಂದು ವೈದ್ಯರು ಎಂದಾದರೂ ಹೇಳಿದ್ದಾರೆಯೇ ಎಂದು ಸೂಜಿಯಕ್ಕ ಓದಿದಳು. ಹೌದು ಎಂದರು. ಬರೆದದ್ದನ್ನು ತೋರಿಸು ಎಂದು ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡು, ಅದರ ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದರು. ರಕ್ತ ಕೊಟ್ಟ ಮೇಲೆ ಗಿರಗಿಟ್ಲೆ ತಿರುಗಿ ನಿಲ್ಲುವವರೆಗೂ ವ್ಯಾನಿನ ಮೆಟ್ಟಿಲ ಮೇಲೆ ಕೂತಿದ್ದು, ಸಕ್ಕರೆಯಿಲ್ಲದ ಚಹಾ ಕುಡಿದು ಮನೆಗೆ ಬಂದರು.

ಏಳನೇ ವಲಯದ ಅಂಕಿ 13.2 ಬಂತು.